ಮೆಲ್ಲಗೆ ಒತ್ತಿದ ಬ್ರೇಕು

ನಮ್ಮ ಮಾವನ ವಿಷಯ ಹೇಳಬೇಕೆಂದರೆ ಅವನ ಬಲಗಾಲಿನಿಂದ ಶುರು ಮಾಡಬೇಕು. ಊಟಕ್ಕೆ ಕೂತಾಗ ಯಾರದಾದರೂ ನೀರಿನ ಲೋಟ ವಾಲಿದರೆ ಉಳಿದವರೆಲ್ಲ ಕೈ ಚಾಚುತ್ತಾರೆ, ಮಾವ ಮೇಜಿನ ಕೆಳಗೆ ನೆಲ ಒತ್ತುತ್ತಿದ್ದ. ಟಿವಿಯಲ್ಲಿ ಯಾರೋ ಮೆಟ್ಟಿಲು ಜಾರಿದರೆ ಒತ್ತುತ್ತಿದ್ದ. ಚಿಕ್ಕವಳಿದ್ದಾಗ ನಾನು ಸುಳ್ಳು ಹೇಳಲು ಬಾಯಿ ತೆರೆದರೂ ಸಾಕು, ಅವನ ಚಪ್ಪಲಿ ಟಪ್ಪೆನ್ನುತ್ತಿತ್ತು. "ನಿನ್ನ ಕಾಲಿಗೆ ಹುಚ್ಚು ಕಣೋ" ಎಂದು ಅಮ್ಮ ನಗುತ್ತಿದ್ದಳು. ಅಮ್ಮ ಅವನ ಅಕ್ಕ, ಆರು ವರ್ಷಕ್ಕೆ ದೊಡ್ಡವಳು. ಅವನು ಮದುವೆ ಮಾಡಿಕೊಳ್ಳಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಮನೆ.

ಮೂವತ್ತೊಂದು ವರ್ಷ ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವನ ಪುಟ್ಟ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಬಳಿ ಇನ್ನೊಂದು. ಬೇರೆ ಮೇಷ್ಟ್ರುಗಳು ಆ ಎರಡನೆಯ ಬ್ರೇಕನ್ನು ಧಡಾರನೆ ತುಳಿದು, "ಕಣ್ಣು ಎಲ್ಲಿಟ್ಟಿದ್ದೀರಾ?" ಎಂದು ಕಲಿಯುವವರ ಗ್ರಹಚಾರ ಬಿಡಿಸುತ್ತಿದ್ದರು. ಮಾವ ಹಾಗಲ್ಲ. ಕಿಟಕಿಯಾಚೆ ನೋಡುತ್ತಾ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ, ಮೆಲ್ಲಗೆ ಒತ್ತುತ್ತಿದ್ದ. ಗಾಡಿ ನಿಲ್ಲುತ್ತಿತ್ತು. ಗಾಬರಿಯಲ್ಲಿದ್ದವರು ತಾವೇ ನಿಲ್ಲಿಸಿದೆವೆಂದುಕೊಳ್ಳುತ್ತಿದ್ದರು. "ಭೇಷ್, ಸರಿಯಾದ ಹೊತ್ತಿಗೆ ನಿಲ್ಲಿಸಿದ್ರಿ" ಎನ್ನುತ್ತಿದ್ದ ಮಾವ. ಮಾರನೆಯ ದಿನ ಅವರು ಇನ್ನಷ್ಟು ಧೈರ್ಯದಿಂದ ಬರುತ್ತಿದ್ದರು, ಒಂದೆರಡು ವಾರದಲ್ಲಿ ನಿಜವಾಗಿಯೂ ನಿಲ್ಲಿಸಲು ಕಲಿಯುತ್ತಿದ್ದರು. ಈ ಗುಟ್ಟನ್ನು ಅವನು ಒಬ್ಬರಿಗೂ ಬಿಟ್ಟುಕೊಟ್ಟಿರಲಿಲ್ಲ. ನಾನೂ ಅವನ ಹತ್ತಿರವೇ ಕಲಿತವಳು, ಈಗ ವ್ಯಾನ್ ಓಡಿಸಿ ಹೊಟ್ಟೆ ಹೊರೆಯುವವಳು. ನನಗೂ ಗೊತ್ತಿರಲಿಲ್ಲ.

ಅಮ್ಮನೂ ಅವನ ಹತ್ತಿರ ಕಲಿತಳು. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು. ಅಮ್ಮನಿಗೆ ಆಗ ಎಲ್ಲದಕ್ಕೂ ಭಯ. ಬಾಗಿಲು ಬಡಿದರೆ ಭಯ, ಆಫೀಸಿನ ಕಿಟಕಿಯ ಮುಂದೆ ನಿಲ್ಲಲು ಭಯ, ಮನೆ ಮಾಲೀಕರ ಹತ್ತಿರ ಸೋರುವ ನಲ್ಲಿಯ ಮಾತೆತ್ತಲೂ ಭಯ. ಮಾವ ಅವಳನ್ನು ಹೆಚ್ಚುಕಮ್ಮಿ ಎಳೆದುಕೊಂಡು ಹೋಗಿ ಸ್ಟಿಯರಿಂಗ್ ಮುಂದೆ ಕೂರಿಸಿದ. ಮೂರನೆಯ ವಾರ, ನಿಂತಿದ್ದ ಲಾರಿಯ ಹಿಂದಿನಿಂದ ಒಂದು ಮಗು ಬಲೂನಿನ ಬೆನ್ನುಹತ್ತಿ ರಸ್ತೆಗೆ ಓಡಿ ಬಂತು. ಗಾಡಿ ಮಗುವಿಗೆ ಒಂದು ಗೇಣು ದೂರದಲ್ಲಿ ನಿಂತಿತು.

ಅಂದು ಅಮ್ಮ ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಚಪ್ಪಲಿ ಬಿಚ್ಚುವುದನ್ನೂ ಮರೆತು ಒಳಗೆ ಬಂದು ನಗುತ್ತಿದ್ದಳು. "ನಾನು ನಿಲ್ಲಿಸಿದೆ ಕಣೇ. ಈ ಕಾಲು ತಾನಾಗಿ ಹೋಯ್ತು" ಎಂದು ಬಲತೊಡೆ ತಟ್ಟಿಕೊಂಡಳು. ಮರುವಾರವೇ ಲಾಂಡ್ರಿಗೆ ಹೋಗಿ ಕೆಲಸ ಕೇಳಿದಳು. ಮನೆ ಮಾಲೀಕರೊಡನೆ ಜಗಳ ಆಡಿ ನಲ್ಲಿ ರಿಪೇರಿ ಮಾಡಿಸಿದಳು. ಲೈಸೆನ್ಸ್ ಸಿಕ್ಕಿತು, ಕಾರು ಸಿಗಲಿಲ್ಲ. ಆಮೇಲೆ ಅವಳು ಒಂದು ದಿನವೂ ಗಾಡಿ ಓಡಿಸಲಿಲ್ಲ. ಆದರೂ ಇಪ್ಪತ್ತೆರಡು ವರ್ಷ, ಏನೇ ಕಷ್ಟ ಬಂದರೂ ಆ ಕಾಲನ್ನೇ ತಟ್ಟಿಕೊಳ್ಳುತ್ತಿದ್ದಳು. "ಒಂದು ಮಗು ಉಳಿಸಿದ ಕಾಲು ಇದು. ಇಷ್ಟಕ್ಕೆಲ್ಲ ಹೆದರುತ್ತಾ?" ಬಲೂನಿನ ಬಣ್ಣ ಹಳದಿ ಅಂತ ನಮ್ಮ ಬೀದಿಗೆಲ್ಲ ಬಾಯಿಪಾಠ ಆಗಿತ್ತು.

ಆ ಲಾಂಡ್ರಿಯಲ್ಲಿ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುತ್ತಾರೆ. ರಸ್ತೆಯ ಈ ಬದಿ ಒಗೆಯುವ ಶೆಡ್ಡು, ಆ ಬದಿ ಇಸ್ತ್ರಿ ಮಾಡುವ ದೊಡ್ಡ ಕೋಣೆ. ಒಣಗಿದ ದುಪ್ಪಟಿಗಳನ್ನು ಎರಡೂ ತೋಳಿನ ಮೇಲೆ ಗಲ್ಲದವರೆಗೆ ಪೇರಿಸಿಕೊಂಡು ಹೆಂಗಸರು ದಿನವಿಡೀ ರಸ್ತೆ ದಾಟುತ್ತಾರೆ. ದೂರದಿಂದ ನೋಡಿದರೆ ಬಿಳಿ ಬಟ್ಟೆಯ ರಾಶಿಯೊಂದು ತಾನೇ ನಡೆದು ಬಂದಂತೆ. ಅಮ್ಮ ಅವರಿಗೆಲ್ಲ ದೊಡ್ಡಕ್ಕ. ನಾನು ಅದೇ ಲಾಂಡ್ರಿಯ ವ್ಯಾನ್ ಓಡಿಸುತ್ತೇನೆ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಡ್ರೈವರ್ ಇಲ್ಲದ ಕಾರುಗಳು ಬಂದವು. ಫೋನಿನಲ್ಲಿ ಕರೆದರೆ ಬರುತ್ತವೆ, ಹತ್ತಿದರೆ ಕರೆದೊಯ್ಯುತ್ತವೆ. ಆದರೆ ಹತ್ತುವವರು ಬೇಕಲ್ಲ? ಮೊದಲ ಎರಡು ತಿಂಗಳು ಅವು ಖಾಲಿಯಾಗಿ ಊರು ಸುತ್ತಿದವು. ನಮ್ಮ ಬೀದಿಯ ಕ್ಷೌರಿಕರು, "ಡ್ರೈವರ್ ಇದ್ರೆ ಬೈಯೋಕಾದ್ರೂ ಒಬ್ಬ ಇರ್ತಾನೆ. ಇದರಲ್ಲಿ ಕೂತು ಯಾರಿಗೆ ಬೈಯೋದು?" ಎಂದಿದ್ದರು. ಎಲ್ಲರ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಕಂಪನಿಯವರು ಬುದ್ಧಿವಂತರು. ಜನ ಯಂತ್ರವನ್ನು ನಂಬದಿದ್ದರೆ ಬೇಡ, ಅವರು ಈಗಾಗಲೇ ನಂಬಿರುವ ಒಬ್ಬ ಮನುಷ್ಯ ಯಾರು ಎಂದು ಹುಡುಕಿದರು. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ್ದು ನಮ್ಮ ಮಾವ. ಅವನ ಡ್ರೈವಿಂಗ್ ಸ್ಕೂಲಿಗೆ ಕಲಿಯುವವರೇ ಬರದೆ ಅಷ್ಟರಲ್ಲಿ ಬಾಗಿಲು ಹಾಕಿದ್ದರು. ಮಾವನನ್ನು ಕರೆಸಿಕೊಂಡು, ಕಾರಿನ ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕೂರುವ ಕೆಲಸ ಕೊಟ್ಟರು. ಸ್ಟಿಯರಿಂಗ್ ತಾನೇ ತಿರುಗುತ್ತದೆ, ಅವನು ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಿರಬೇಕು, ಅಪಾಯ ಕಂಡರೆ ಮಾತ್ರ ಕೈ ಹಾಕಬೇಕು. ಬಸ್ ನಿಲ್ದಾಣಗಳಲ್ಲಿ ಅವನ ಫೋಟೋ ಹಾಕಿದರು. "ಮೇಷ್ಟ್ರು ಜೊತೆಗಿದ್ದಾರೆ" ಎಂದು ದಪ್ಪಕ್ಷರ. ಕೆಳಗೆ ಒಂದು ದೀಪದ ಬೋರ್ಡು: "ಈ ವಾರ ಮನುಷ್ಯ ಕೈ ಹಾಕಿದ್ದು: 0 ಸಲ". ಜನ ಹತ್ತತೊಡಗಿದರು.

ಆ ಸೊನ್ನೆ ಹೇಗೆ ಬರುತ್ತಿತ್ತು ಎನ್ನುವುದನ್ನು ಹೇಳಿಬಿಡುತ್ತೇನೆ. ಮಾವ ಬ್ರೇಕನ್ನು ಜೋರಾಗಿ ತುಳಿದರೆ ಗಾಡಿಯೇ ಅದನ್ನು ಎಣಿಸಿಕೊಳ್ಳುತ್ತಿತ್ತು. ಮೆಲ್ಲಗೆ ತಾಗಿಸಿದರೆ ಎಣಿಕೆಗೆ ಬರುತ್ತಿರಲಿಲ್ಲ, ಅವನೇ ಮುಂದಿನ ಪರದೆಯ ಕೆಂಪು ಗುಂಡಿ ಒತ್ತಿ ಹೇಳಬೇಕಿತ್ತು. ಕೆಲಸಕ್ಕೆ ಸೇರಿದ ದಿನ ಕಂಪನಿಯ ಎಂಜಿನಿಯರಮ್ಮ ಅವನಿಗೆ ಹೇಳಿದ್ದರಂತೆ: "ಎಷ್ಟು ಚಿಕ್ಕದಾದ್ರೂ ಒತ್ತಿ ಸರ್. ನೀವು ತಪ್ಪು ಅಂದ್ರೇನೇ ಅದಕ್ಕೆ ತಪ್ಪು ಅಂತ ಗೊತ್ತಾಗೋದು. ಇಲ್ಲದಿದ್ರೆ ಮಾಡಿದ್ದೇ ಸರಿ ಅಂದ್ಕೊಳ್ಳುತ್ತೆ." ಮಾವ ತಲೆಯಾಡಿಸಿದ. ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿತ್ತು.

ಅದುವರೆಗೆ ಆ ಗಾಡಿಗಳು ಬಾರದಿದ್ದ ಲಾಂಡ್ರಿಯ ರಸ್ತೆಗೆ ಮಾವನ ಗಾಡಿಯೊಂದನ್ನೇ ಬಿಟ್ಟರು, ಅಲ್ಲಿ ಮೊದಲ ದಿನವೇ ಅದು ತಪ್ಪಿತು. ದುಪ್ಪಟಿಯ ರಾಶಿ ಹೊತ್ತು ರಸ್ತೆಗೆ ಇಳಿದವಳು ಅಮ್ಮ. ಗಾಡಿಗೆ ಅದು ಮನುಷ್ಯಳೆಂದು ತಿಳಿಯಲಿಲ್ಲ. ಗಾಳಿಗೆ ಹಾರುವ ಬಟ್ಟೆಯೆಂದುಕೊಂಡಿತೋ ಏನೋ, ವೇಗ ತಗ್ಗಿಸಲೇ ಇಲ್ಲ. ಮಾವನ ಕಾಲು ಮೂವತ್ತೊಂದು ವರ್ಷ ಮಾಡಿದ್ದನ್ನೇ ಮಾಡಿತು. ಗಾಡಿ ಬೆಣ್ಣೆಯ ಮೇಲೆ ಚಾಕು ಇಟ್ಟಷ್ಟು ನಯವಾಗಿ ನಿಂತಿತು. ರಾಶಿಯ ಕೆಳಗಿನಿಂದ ಅಮ್ಮ ಒಂದು ಕೈ ಹೊರಗೆ ತೆಗೆದು ತಮ್ಮನಿಗೆ ಬೀಸಿದಳು. ಹಿಂದೆ ಕೂತವರು, "ನೋಡ್ರೀ, ಹೇಗೆ ತಾನೇ ನಿಲ್ತು!" ಎಂದರು. ಮಾವ ಅಭ್ಯಾಸಬಲದಿಂದ "ಭೇಷ್" ಎಂದ. ಹೇಳಿದ್ದು ಗಾಡಿಗೆ. ಗುಂಡಿ ಒತ್ತಲಿಲ್ಲ.

ಎರಡು ವಾರದಲ್ಲಿ ಕಲಿಯುತ್ತದೆ ಅಂದುಕೊಂಡನಂತೆ. ಕೆಲವರು ನಿಧಾನ, ನಾಲ್ಕು ವಾರ ಬೇಕಾಗುತ್ತದೆ ಅಂದುಕೊಂಡನಂತೆ. ಕಲಿಯುವವರ ಮೈಗೆ ಬ್ರೇಕಿನ ಹದ ತಾನಾಗಿ ಹತ್ತುತ್ತದೆ, ಈ ಯಂತ್ರಕ್ಕೆ ಮೈಯೇ ಇಲ್ಲ ಎಂಬುದು ಅವನ ತಲೆಗೆ ಹೋಗಲಿಲ್ಲ. ಎಂಟು ತಿಂಗಳು ದಿನಾ ಅಲ್ಲಿ ಅವನ ಕಾಲು ಗಾಡಿಯನ್ನು ನಿಲ್ಲಿಸಿತು, ಬೋರ್ಡಿನಲ್ಲಿ ಸೊನ್ನೆ ಉರಿಯಿತು.

ಇತ್ತ ಅಮ್ಮನಿಗೆ ತಮ್ಮನ ಗಾಡಿಯೆಂದರೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. "ನಮ್ಮ ಹುಡುಗನ ಕೈಯಲ್ಲಿ ಪಳಗಿದ ಗಾಡಿ, ಕಣ್ಣು ಮುಚ್ಕೊಂಡು ದಾಟ್ರೇ" ಎಂದು ಲಾಂಡ್ರಿಯ ಹೆಂಗಸರಿಗೆಲ್ಲ ಹೇಳುತ್ತಿದ್ದಳು. ಮೊದಲು ಎರಡೂ ಕಡೆ ಕತ್ತು ತಿರುಗಿಸಿ ನೋಡಿ ಇಳಿಯುತ್ತಿದ್ದವಳು ನೋಡುವುದನ್ನೇ ಬಿಟ್ಟಳು. ನಾನು ಒಂದು ಸಲ ಗದರಿದೆ. "ನಿನಗಿಂತ ಮುಂಚೆ ಲೈಸೆನ್ಸ್ ತಗೊಂಡವಳು ನಾನು" ಎಂದು ನನ್ನ ಬಾಯಿ ಮುಚ್ಚಿಸಿದಳು.

ಎಂಟು ತಿಂಗಳ ಸೊನ್ನೆ ನೋಡಿ ಕಂಪನಿಯವರು, ಇನ್ನು ಸೀಟಿನಲ್ಲಿ ಮನುಷ್ಯರು ಬೇಡ ಎಂದು ತೀರ್ಮಾನಿಸಿದರು. ಮಾವನಿಗೆ ಒಂದು ಹೂಗುಚ್ಛ, ಒಂದು ಗೋಡೆ ಗಡಿಯಾರ. ಬೀಳ್ಕೊಡುವಾಗ ಅವನು ಎಂಜಿನಿಯರಮ್ಮನ ಹತ್ತಿರ, "ಇನ್ನೊಂದು ನಾಲ್ಕು ವಾರ ಕೂರ್ಲಾ? ಆ ಲಾಂಡ್ರಿ ಹತ್ರ ಸ್ವಲ್ಪ ಅಭ್ಯಾಸ ಸಾಲದು" ಎಂದನಂತೆ. ಅವರು ಪರದೆ ನೋಡಿ, "ಅಲ್ಲಿ ಒಂದು ತೊಂದರೆನೂ ದಾಖಲಾಗಿಲ್ಲವಲ್ಲ ಸರ್?" ಎಂದರು. ಆಗ ಹೇಳಬಹುದಿತ್ತು. ಅಲ್ಲೇ, ಆ ಕುರ್ಚಿಯಲ್ಲೇ, ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಮಾವ ಗಡಿಯಾರ ಹಿಡಿದುಕೊಂಡು ಬಂದುಬಿಟ್ಟ. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಅವನ ಮೇಲೆ ಮೈ ಉರಿಯುತ್ತದೆ.

ಅಂದು ಸಂಜೆ ಅಮ್ಮನಿಗೆ, "ಅಕ್ಕ, ನಾಳೆಯಿಂದ ಸ್ವಲ್ಪ ನೋಡ್ಕೊಂಡು ದಾಟು" ಎಂದ.

"ಯಾಕೋ? ನೀನು ಕಲಿಸಿದ ಗಾಡಿ ತಾನೇ?"

"ಹೌದು. ಆದ್ರೂ..."

"ಏನು ಆದ್ರೂ? ನೀನು ಕಲಿಸಿದೋರು ಇವತ್ತಿನವರೆಗೆ ಯಾರಿಗಾದ್ರೂ ಗುದ್ದಿದ್ದಾರಾ?"

ಮಾವ ಗಡಿಯಾರಕ್ಕೆ ಮೊಳೆ ಹೊಡೆಯಲು ಎದ್ದ.

ನಾಲ್ಕನೆಯ ದಿನ, ಬೆಳಗ್ಗೆ ಹನ್ನೊಂದರ ಹೊತ್ತು. ನಾನು ಇಸ್ತ್ರಿ ಕೋಣೆಯ ಮುಂದೆ ವ್ಯಾನಿಗೆ ಗಂಟು ತುಂಬುತ್ತಿದ್ದೆ. ಅಮ್ಮ ಆ ಬದಿಯಿಂದ ದುಪ್ಪಟಿ ಹೊತ್ತು ಇಳಿದಳು. ಗಾಡಿ ಬರುವುದು ಅವಳಿಗೆ ಗೊತ್ತಿತ್ತು, ಏಕೆಂದರೆ ರಾಶಿಯ ಕೆಳಗಿನಿಂದ ಕೈ ತೆಗೆದು ಬೀಸಿದಳು. ಸೀಟಿನಲ್ಲಿ ಯಾರೂ ಇರಲಿಲ್ಲ. ನಾನು ಕೂಗಿದ್ದು ಅವಳಿಗೆ ಕೇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ದುಪ್ಪಟಿಗಳು ರಸ್ತೆ ತುಂಬ ಚೆಲ್ಲಿದವು. ಗಾಡಿ ಗುದ್ದಿದ ಮೇಲೆ ನಿಂತಿತು, ನಿಂತು ದೀಪ ಮಿನುಗಿಸಿತು. ಅಮ್ಮನ ಬಲಗಾಲು ಅದರ ಚಕ್ರದ ಕೆಳಗಿತ್ತು.

ಜೀವ ಉಳಿಯಿತು. ಕಾಲೂ ಉಳಿಯಿತು ಎಂದರು ಡಾಕ್ಟರು, ಆದರೆ ಮೈಭಾರ ಹೊರುವ ಕಾಲಾಗಿ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವಳ ಮೇಲೆ ಹೊದಿಸಿದ್ದ ದುಪ್ಪಟಿಯ ಮೂಲೆಯಲ್ಲಿ ನಮ್ಮ ಲಾಂಡ್ರಿಯ ನೀಲಿ ದಾರದ ಗುರುತಿತ್ತು. ಅವಳು ಆ ಮೂಲೆಯನ್ನು ಬೆರಳಲ್ಲಿ ಸವರುತ್ತಾ, ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದಳು. "ತಪ್ಪು ನಂದೇ. ನೋಡ್ದೆ ಇಳಿದೆ. ನನ್ನ ತಮ್ಮ ಕೂತಿದ್ದಾಗ ಒಂದು ದಿನಾನೂ ಹೀಗಾಗಿರಲಿಲ್ಲ." ಕಂಪನಿಯಿಂದ ಬಂದವರು ಅದನ್ನು ಬರೆದುಕೊಂಡು ಅವಳಿಂದ ಸಹಿಯನ್ನೂ ಹಾಕಿಸಿಕೊಂಡರು.

ಮಾವ ಕೋಣೆಯೊಳಗೆ ಬರುತ್ತಲೇ ಇರಲಿಲ್ಲ. ಬಾಗಿಲಿನಾಚೆ ಬೆಂಚಿನ ಮೇಲೆ ಕೂತು, ಸಂಜೆಯಾದ ಮೇಲೆ ಎದ್ದು ಹೋಗುತ್ತಿದ್ದ. ಆರನೆಯ ದಿನ ನಾನು ಅವನನ್ನು ವ್ಯಾನಿನಲ್ಲಿ ಮನೆಗೆ ಕರೆದುಕೊಂಡು ಹೊರಟೆ. ಲಾಂಡ್ರಿಯ ರಸ್ತೆಗೆ ತಿರುಗಿದೊಡನೆ ಅವನ ಕಾಲು ನೆಲ ಒತ್ತಿತು. ಎದುರಿಗೆ ಯಾರೂ ಇರಲಿಲ್ಲ.

"ಇಲ್ಲಿ ಅದು ಯಾವತ್ತೂ ನಿಂತಿಲ್ಲ ಪುಟ್ಟಿ" ಎಂದ. "ನಿಲ್ಲಿಸ್ತಾ ಇದ್ದಿದ್ದು ನಾನು."

ಎಲ್ಲವನ್ನೂ ಹೇಳಿದ, ಡ್ರೈವಿಂಗ್ ಸ್ಕೂಲಿನ ಎರಡನೆಯ ಬ್ರೇಕಿನಿಂದ ಹಿಡಿದು. ನಾನು ವ್ಯಾನ್ ಬದಿಗೆ ನಿಲ್ಲಿಸಿ, "ಇಳಿ" ಎಂದೆ. ಇಳಿದ. ನಾನು ಹಿಂತಿರುಗಿ ನೋಡದೆ ಹೋದೆ. ಅವನು ಮನೆ ತಲುಪಿದ್ದು ಒಂದು ಗಂಟೆಯ ಮೇಲೆ, ನಡೆದುಕೊಂಡು.

ಮುಂದಿನ ವಾರ ಊರಿನ ಸಭಾಭವನದಲ್ಲಿ ವಿಚಾರಣೆ ನಡೆಯಿತು. ಮೂರು ಜನ ಅಧಿಕಾರಿಗಳು, ಕಂಪನಿಯ ಪರವಾಗಿ ಒಬ್ಬರು, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತ ಜನ. ಕಂಪನಿಯವರು, "ಅದೇ ಜಾಗದಲ್ಲಿ ಎಂಟು ತಿಂಗಳು ಗಾಡಿ ಒಂದು ಸಲವೂ ತಪ್ಪಿಲ್ಲ. ಆ ತಾಯಿ ನೋಡದೆ ಇಳಿದಿದ್ದಾರೆ, ಅವರೇ ಒಪ್ಪಿದ್ದಾರೆ" ಎಂದು ಅಮ್ಮನ ಸಹಿ ತೋರಿಸಿದರು. ಸೋಮವಾರದಿಂದ ಗಾಡಿಗಳು ಮತ್ತೆ ಓಡಬಹುದು ಎನ್ನುವ ಹಂತಕ್ಕೆ ಮಾತು ಬಂದಿತ್ತು. ಮಾವ ಎದ್ದು ನಿಂತ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅವನ ಹೆಸರು ಉಳಿಯುತ್ತಿತ್ತು, ಫೋಟೋ ಉಳಿಯುತ್ತಿತ್ತು, ತಪ್ಪೆಲ್ಲ ಅಮ್ಮನ ತಲೆಗೆ ಕಟ್ಟಿ ಮುಗಿಯುತ್ತಿತ್ತು.

"ನಮ್ಮಕ್ಕನ ತಪ್ಪಿಲ್ಲ" ಎಂದ. "ಆ ಜಾಗದಲ್ಲಿ ಗಾಡಿ ಒಂದು ದಿನಾನೂ ತಾನಾಗಿ ನಿಂತಿಲ್ಲ. ನಾನು ಬ್ರೇಕ್ ಒತ್ತುತ್ತಿದ್ದೆ."

"ಎಷ್ಟು ಸಲ?" ಎಂದು ಅಧಿಕಾರಿ ಕೇಳಿದರು.

"ದಿನಾ. ದಿನಕ್ಕೆ ಐದಾರು ಸಲ."

"ಗುಂಡಿ ಯಾಕೆ ಒತ್ತಲಿಲ್ಲ?"

ಮಾವ ಅಧಿಕಾರಿಯ ಮುಖ ಬಿಟ್ಟು ತನ್ನ ಬಲಗಾಲನ್ನು ನೋಡಿಕೊಂಡ. "ಕಲಿಯೋರ ತಪ್ಪನ್ನ ನಾಲ್ಕು ಜನರ ಮುಂದೆ ಹೇಳಿ ಅಭ್ಯಾಸ ಇಲ್ಲ ಸರ್."

ಹಿಂದೆ ಯಾರೋ ನಕ್ಕರು. ನನಗೆ ಅವನ ಪಕ್ಕ ಹೋಗಿ ನಿಲ್ಲಬೇಕು ಅನ್ನಿಸಿತು, ಆದರೆ ಹೋಗಲಿಲ್ಲ.

ಗಾಡಿಗಳು ಮತ್ತೆ ಓಡಲಿಲ್ಲ. ಕಂಪನಿ ಎಲ್ಲವನ್ನೂ ಮಾವನ ಮೇಲೆ ಹಾಕಿ ಕೈ ತೊಳೆದುಕೊಂಡಿತು. ಅವನ ತಪ್ಪು ಅವನದೇ, ನಾನು ಮುಚ್ಚಿಡುವುದಿಲ್ಲ. ಆದರೆ ಊರಿನವರ ಪ್ರಾಣವನ್ನು ಒಬ್ಬ ಮನುಷ್ಯನ ಬೆರಳಿಗೆ ಒಪ್ಪಿಸಿ, ಅದರಿಂದ ಬಂದ ಸೊನ್ನೆಗೆ ದೀಪ ಹಚ್ಚಿಟ್ಟವರು ಯಾರು? ಆ ಎಂಟು ತಿಂಗಳಲ್ಲಿ ಒಬ್ಬರಾದರೂ ಲಾಂಡ್ರಿಯ ಮುಂದೆ ಅರ್ಧ ಗಂಟೆ ನಿಂತು ನೋಡಿದ್ದರೆ ಸಾಕಿತ್ತು. ಸೊನ್ನೆ ಎಲ್ಲರಿಗೂ ಹಿತವಾಗಿತ್ತು, ಅದಕ್ಕೇ ಯಾರೂ ಕೆದಕಲಿಲ್ಲ.

ಬಸ್ ನಿಲ್ದಾಣದ ಫೋಟೋಗಳನ್ನು ಕಿತ್ತರು. ಯಂತ್ರವನ್ನು ಬಿಟ್ಟು ಜನ ಮಾವನನ್ನು ಬೈದರು, ಬೈಯಲು ಕೊನೆಗೂ ಒಬ್ಬ ಸಿಕ್ಕಿದ್ದ. ಅದನ್ನಾದರೂ ಅವನು ತಲೆ ತಗ್ಗಿಸಿ ಕೇಳಿಕೊಂಡ. ಅವನಿಗೆ ತಡೆಯಲಾಗದ್ದು ಬೇರೆ. ಹಳೆಯ ಶಿಷ್ಯರು ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಕ್ಷೌರಿಕರು ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಅವತ್ತು ಇಳಿಜಾರಲ್ಲಿ ಗಾಡಿ ನಿಲ್ಲಿಸಿದ್ದು ನಾನೇ ತಾನೇ?" ಎಂದರು, ತಮಾಷೆಗೆಂಬಂತೆ. ಮುಖದಲ್ಲಿ ತಮಾಷೆ ಇರಲಿಲ್ಲ. ಬ್ಯಾಂಕಿನ ಕ್ಯಾಷಿಯರಮ್ಮ ಬಂದು ಕೇಳಿದರು. ನಿವೃತ್ತ ಪೋಸ್ಟ್‌ಮ್ಯಾನ್ ಬಂದು ಕೇಳಿದರು. "ನೆನಪಿಲ್ಲ" ಎನ್ನುತ್ತಿದ್ದ ಮಾವ. ಒಬ್ಬೊಬ್ಬರದೂ ಅವನಿಗೆ ನೆನಪಿತ್ತು. ನಾನೂ ಈಗ ವ್ಯಾನಿನ ಬ್ರೇಕಿನ ಮೇಲೆ ಕಾಲಿಟ್ಟಾಗಲೆಲ್ಲ ನನ್ನ ಹಳೆಯ ಪಾಠಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತೇನೆ.

ಅಮ್ಮ ಮಾತ್ರ ಏನೂ ಕೇಳಲಿಲ್ಲ. ಸಭಾಭವನದಲ್ಲಿ ಆದದ್ದನ್ನು ಲಾಂಡ್ರಿಯ ಹೆಂಗಸರು ಅವಳಿಗೆ ಚಾಚೂ ತಪ್ಪದೆ ಹೇಳಿದ್ದರು. ಮನೆಗೆ ಬಂದ ಮೇಲೆ ಹನ್ನೊಂದು ದಿನ ಅವಳು ತಮ್ಮನೊಡನೆ ಊಟ, ಔಷಧಿ, ಕಿಟಕಿಯ ಪರದೆ, ಇಷ್ಟರ ಮಾತನ್ನಷ್ಟೇ ಆಡಿದಳು. ಒಂದು ಸಲವೂ ಕಾಲು ತಟ್ಟಿಕೊಳ್ಳಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು, ಕಾಲು ಸ್ಟೂಲಿನ ಮೇಲೆ. ಮಾವ ನೆಲದ ಮೇಲೆ ಕೂತು ಅವಳ ವಾಕರಿನ ಚಕ್ರಕ್ಕೆ ಎಣ್ಣೆ ಹಾಕುತ್ತಿದ್ದ. ನಾನು ಬಟ್ಟೆ ಮಡಚುತ್ತಿದ್ದೆ.

"ಲೋ" ಎಂದಳು ಅಮ್ಮ.

"ಹೇಳಕ್ಕ."

"ಆ ಬಲೂನಿನ ಮಗು. ನಾನಾ, ನೀನಾ?"

ಮಾವ ಎಣ್ಣೆಯ ಬಾಟಲಿ ಎತ್ತಿಕೊಂಡ. ಸುಳ್ಳು ಹೇಳು ಮಾವ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಊರಿನ ಮುಂದೆ ನಿಜ ಹೇಳಿದ್ದು ಸಾಕು, ಇದೊಂದನ್ನು ಅವಳಿಗೆ ಬಿಟ್ಟುಬಿಡು, ‘ನೀನೇ, ಅಕ್ಕ’ ಅಂದುಬಿಡು. ಅವನು ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದ.

"ಇಬ್ಬರೂ ಒತ್ತಿದ್ವಿ ಅಕ್ಕ."

"ಮೊದಲು ಯಾರು?"

"ನಾನು."

ಅಮ್ಮ ಸ್ಟೂಲಿನ ಮೇಲಿದ್ದ ಕಾಲನ್ನು ನೋಡಿದಳು, ಬೇರೆ ಯಾರದೋ ಎಂಬಂತೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

"ಅವತ್ತೇ ಹೇಳಿದ್ದಿದ್ರೆ ನಾನು ರಸ್ತೆ ನೋಡ್ಕೊಂಡು ದಾಟ್ತಿದ್ದೆ ಕಣೋ."

ಆಮೇಲೆ ವಾಕರನ್ನು ತನ್ನ ಕಡೆಗೆ ಎಳೆದುಕೊಂಡಳು. ಮಾವ ಎದ್ದು ಕೈ ಚಾಚಿದ. "ಬೇಡ, ಬಿದ್ರೆ ಬಿದ್ದೆ ಅಂತ ನನಗೆ ಗೊತ್ತಾಗಲಿ" ಎಂದಳು. ಅವನು ಕೈ ಹಿಂದೆ ತೆಗೆದುಕೊಂಡ. ಅಮ್ಮ ಒಂದೇ ಕಾಲಿನ ಮೇಲೆ ಎದ್ದು ನಿಂತಳು, ವಾಲಿದಳು, ಸಾವರಿಸಿಕೊಂಡಳು, ಮತ್ತೆ ವಾಲಿದಳು. ಮಾವ ಗೋಡೆಗೆ ಅಂಟಿ ನಿಂತಿದ್ದ. ಅವಳು ಮತ್ತೆ ಕುರ್ಚಿಗೆ ಕೂರುವವರೆಗೂ ಅವನ ಬಲಗಾಲು ನೆಲವನ್ನು ಒತ್ತಿ ಹಿಡಿದೇ ಇತ್ತು.